ಆ ನೆಲದ ಹೂ ಯಾವುದು ಅಂತ ಕೇಳಿ ಅಕ್ಕ

ವೀಸಾ ಬಂತು ಅಂತ ಭಾವ ಗೇಟಿನ ಹತ್ತಿರ ನಿಂತು ಫೋನಿನಲ್ಲಿ ಯಾರಿಗೋ ಹೇಳುತ್ತಿದ್ದರು, ಬಟ್ಟೆ ಒಣಹಾಕುತ್ತಿದ್ದ ನನಗೂ ಕೇಳಿಸಿತು. ತುಂಬಾ ಸಂತೋಷ ಅಕ್ಕ. ಒಲೆಯ ಮೇಲೆ ಏನೂ ಇಟ್ಟು ಬಂದಿಲ್ಲ ತಾನೆ? ಹಾಗಾದರೆ ಈ ಗೋಡೆಯ ಹತ್ತಿರ ನೆರಳಿಗೆ ಬನ್ನಿ, ಒಂದು ಮಾತು ಹೇಳಬೇಕು. ಮಗಳ ಬಾಣಂತನದ ವಿಷಯ ಅಲ್ಲ. ಖಾರದ ಪುಡಿ, ಲೇಹ್ಯ, ಸಾಂಬ್ರಾಣಿ ಎಲ್ಲ ನನಗಿಂತ ನಿಮಗೇ ಚೆನ್ನಾಗಿ ಗೊತ್ತು. ನಾನು ಹೇಳಹೊರಟದ್ದು ಹೂವಿನ ವಿಷಯ. ಫೆಬ್ರವರಿ ಕೊನೆಗೆ ಹೊರಡುತ್ತೀರಿ. ಮಾರ್ಚ್, ಏಪ್ರಿಲ್ ಅಂದರೆ ಕ್ಯಾಲಿಫೋರ್ನಿಯಾದ ಗುಡ್ಡಗಳಿಗೆ ಹೂವಿನ ಕಾಲ. ಅಷ್ಟು ದೂರ ಹೋಗಿ, ಸರಿಯಾಗಿ ಅದೇ ತಿಂಗಳಲ್ಲಿ ಅಲ್ಲಿದ್ದು, ಆ ನೆಲದ ಹೂವನ್ನೇ ನೋಡದೆ ಬಂದಿರಿ ಅಂದರೆ ನನಗೆ ನಿಜಕ್ಕೂ ಬೇಸರವಾಗುತ್ತದೆ.

ಹೂ ತಾನೆ, ಮಗಳ ಮನೆಯ ಮುಂದೆಯೇ ಬೇಕಾದಷ್ಟಿದೆ ಅಂತೀರಿ. ವಿಡಿಯೋದಲ್ಲಿ ನೀವೇ ತೋರಿಸಿದ್ದಿರಲ್ಲ, ನೋಡಿದ್ದೇನೆ. ಬೋಗನ್‌ವಿಲ್ಲಾ, ಗುಲಾಬಿ, ಬೀದಿಯ ಕೊನೆಗೆ ನೀಲಗಿರಿ ಮರ. ಬೋಗನ್‌ವಿಲ್ಲಾ ದಕ್ಷಿಣ ಅಮೆರಿಕದ್ದು, ನೀಲಗಿರಿ ಆಸ್ಟ್ರೇಲಿಯಾದ್ದು. ಚಂದವೇ, ಚಂದ ಅಲ್ಲ ಅನ್ನುವುದಿಲ್ಲ. ಆದರೆ ಅವನ್ನು ನೋಡಲಿಕ್ಕೆ ಒಂದು ಹಗಲು ಒಂದು ರಾತ್ರಿ ವಿಮಾನದಲ್ಲಿ ಕೂರಬೇಕಾಗಿಲ್ಲ. ನಮ್ಮ ತಿರುವಾನ್ಮಿಯೂರಿನ ಬೀದಿಯಲ್ಲೂ ಇವೆ, ನಿಮ್ಮ ಮೈಸೂರಿನಲ್ಲೂ ಇವೆ. ನರ್ಸರಿಯಿಂದ ತಂದು ನೆಟ್ಟ ಹೂ ಈಗ ಎಲ್ಲ ಊರಲ್ಲೂ ಒಂದೇ. ಯಾರೂ ನೆಡದೆ, ಯಾರೂ ನೀರು ಹಾಕದೆ, ಆ ಮಣ್ಣಿಗೆ ಆ ಮಳೆಗೆ ತಾನಾಗಿ ಏಳುವ ಹೂ ಇರುತ್ತದಲ್ಲ, ಅದನ್ನು ಕಂಡಾಗ ತಾನೆ ಬೇರೆ ದೇಶಕ್ಕೆ ಬಂದೆವು ಅನ್ನಿಸುವುದು?

ನನಗೆ ಇದು ಹೊಳೆದದ್ದು ಇಲ್ಲೇ, ಮದರಾಸಿನಲ್ಲೇ. ಮದುವೆಯಾಗಿ ಕುಂದಾಪುರದ ಕಡೆಯಿಂದ ಬಂದವಳಿಗೆ ಇದೇ ಪರದೇಶ. ಭಾಷೆ ಬೇರೆ, ಅಡುಗೆ ಬೇರೆ, ಮಳೆಯೂ ಬೇರೆ. ಜೂನ್ ಬಂದರೆ ನಮ್ಮಲ್ಲಿ ಹೊರಗೆ ಕಾಲಿಡಲಿಕ್ಕಾಗದ ಮಳೆ. ಇಲ್ಲಿ ಆಗ ಉರಿಬಿಸಿಲು. ಮನೆ ಬಿಟ್ಟು ಬಂದ ಸಂಕಟ ಎಷ್ಟಿತ್ತೆಂದರೆ ಹೂ ಮಾರುವವಳ ಬುಟ್ಟಿಯ ಮಲ್ಲಿಗೆ ಕೂಡ ನನ್ನದಲ್ಲ ಅನ್ನಿಸುತ್ತಿತ್ತು. ಒಂದು ಬೆಳಿಗ್ಗೆ ನಮ್ಮವರ ಜತೆ ಸಮುದ್ರದ ಕಡೆ ಹೋದೆ. ಮೀನುಗಾರರ ದೋಣಿಗಳಿಂದ ಸ್ವಲ್ಪ ಆಚೆ, ಅಲೆ ಮುಟ್ಟದ ಎತ್ತರದ ಮರಳ ಮೇಲೆ ಅಡಂಬು ಬಳ್ಳಿ ಹರಡಿಕೊಂಡಿತ್ತು. ನಮ್ಮ ಕೋಡಿ ಕಡಲ ದಂಡೆಯಲ್ಲಿ ಇರುವಂಥದ್ದೇ, ಎಲೆ, ಬಣ್ಣ ಒಂದೂ ಬೇರೆಯಿಲ್ಲ. ಅಲ್ಲೇ ಕೂತುಬಿಟ್ಟೆ.

ನೀವು ಅದನ್ನು ದಿನಾ ವಾಕಿಂಗ್‌ನಲ್ಲಿ ತುಳಿದುಕೊಂಡು ಹೋಗುತ್ತೀರಿ ಅಕ್ಕ, ನಾಳೆ ಬಗ್ಗಿ ನೋಡಿ. ಎಲೆಯ ತುದಿ ಎರಡಾಗಿ ಸೀಳಿ ಆಡಿನ ಗೊರಸಿನ ಆಕಾರಕ್ಕಿದೆ. ಮುಟ್ಟಿದರೆ ದಪ್ಪ, ನುಣುಪು, ಉಪ್ಪುಗಾಳಿ ತಡೆಯಬೇಕಲ್ಲ. ಬಳ್ಳಿಯನ್ನು ಮೆಲ್ಲಗೆ ಎತ್ತಿದರೆ ಗೆಣ್ಣು ಗೆಣ್ಣಿಗೂ ಬೇರು ಬಿಟ್ಟು ಮರಳನ್ನು ಹಿಡಿದಿರುವುದು ಕಾಣುತ್ತದೆ. ಗಾಳಿಗೆ ಹಾರಿ ಬರುವ ಮರಳು ಆ ಎಲೆಗಳ ಸಂದಿಯಲ್ಲಿ ತಂಗಿ ತಂಗಿ ದಿಬ್ಬವಾಗುವುದು ಹೀಗೆ. ಹೂ ಬೆಳಿಗ್ಗೆ ಅರಳುತ್ತದೆ, ಗುಲಾಬಿಗೆ ನೇರಳೆ ಬೆರೆತ ಬಣ್ಣ, ಒಳಗೆ ಗಂಟಲ ಹತ್ತಿರ ಇನ್ನೂ ಗಾಢ. ಮಧ್ಯಾಹ್ನದ ಬಿಸಿಲಿಗೆ ಬಾಡಿಹೋಗುತ್ತದೆ, ಮರುದಿನ ಬೇರೆ ಮೊಗ್ಗು. ಅದರ ಬೀಜ ಉಪ್ಪುನೀರಲ್ಲಿ ತೇಲಿಕೊಂಡು ಹೋಗಿ ದಡ ಸಿಕ್ಕಿದಲ್ಲಿ ಮೊಳೆಯುತ್ತದೆ. ಹಾಗಾಗಿ ಕುಂದಾಪುರದಲ್ಲಿ, ಇಲ್ಲಿ, ಸಿಂಗಪುರದಲ್ಲಿ, ಆಸ್ಟ್ರೇಲಿಯಾದ ಬಿಸಿಲ ದಂಡೆಯಲ್ಲಿ, ಹವಾಯಿಯಲ್ಲಿ ಎಲ್ಲ ಕಡೆ ಅದೇ ಬಳ್ಳಿ. ಪಾಸ್‌ಪೋರ್ಟ್ ಇಲ್ಲದೆ ಹೋದದ್ದು, ಆದರೂ ಹೋದ ಕಡೆಯೆಲ್ಲ ಅದು ಆ ದಂಡೆಯದೇ ಹೂ, ಯಾರೂ ತಂದು ಹಾಕಿದ್ದಲ್ಲ. ಆ ಬೆಳಿಗ್ಗೆ ಬಳ್ಳಿಯ ಜತೆಗೆ ರಾವಣನ ಮೀಸೆಯೂ ಇತ್ತು, ಆ ಚುಚ್ಚುವ ಹುಲ್ಲು. ಅದಕ್ಕೆ ತಮಿಳಿನಲ್ಲೂ ರಾವಣನ ಮೀಸೆ ಅಂತಲೇ ಹೆಸರು.

ಎದುರುಮನೆಯ ತಮಿಳು ಟೀಚರ್ ಹತ್ತಿರ ಈ ಬಳ್ಳಿಯ ಮಾತೆತ್ತಿದೆ. ಅವರಿಗೆ ಎಷ್ಟು ಖುಷಿಯಾಯಿತೆಂದರೆ ಕಾಫಿ ಆರುವವರೆಗೂ ಹೇಳಿದರು. ಸಂಗಂ ಕಾಲದ ಪದ್ಯಗಳಲ್ಲಿ ಕಡಲ ದಂಡೆ ಬಂತೆಂದರೆ ಅಡಂಬು ಬಂದೇ ಬರುತ್ತದಂತೆ. ನಲ್ಲನ ರಥದ ಗಾಲಿ ಬಳ್ಳಿಯನ್ನು ಕತ್ತರಿಸಿಕೊಂಡು ಬರುತ್ತದಂತೆ. ಆ ಕವಿಗಳು ನೆಲವನ್ನೇ ಹೂವಿನಿಂದ ಗುರುತಿಸುತ್ತಿದ್ದರು. ಬೆಟ್ಟದ ಸೀಮೆ ಕುರಿಂಜಿ, ಕಾಡಿನ ಸೀಮೆ ಮುಲ್ಲೈ, ಗದ್ದೆಯ ಸೀಮೆ ಮರುದಂ, ಕಡಲ ಸೀಮೆ ನೈದಲ್, ಒಣಭೂಮಿ ಪಾಲೈ. ಕಪಿಲರ ‘ಕುರಿಂಜಿಪ್ಪಾಟ್ಟು’ ಎಂಬ ಒಂದೇ ಪದ್ಯದಲ್ಲಿ 99 ಹೂಗಳ ಹೆಸರಿದೆ. ಹುಡುಗಿ ಮತ್ತವಳ ಗೆಳತಿ ಬೆಟ್ಟದಲ್ಲಿ ಆ ಹೂಗಳನ್ನು ಕೊಯ್ದು ಬಂಡೆಯ ಮೇಲೆ ಗುಡ್ಡೆ ಹಾಕುತ್ತಾರೆ. ಒಬ್ಬ ಕವಿಗೆ 99 ಕಾಡುಹೂ ಗೊತ್ತಿತ್ತು, ಕೇಳುವವರಿಗೂ ಗೊತ್ತಿತ್ತು ಅಂದರೆ ಆ ಜನ ಎಂಥ ಕಣ್ಣಿಟ್ಟು ಬದುಕಿದ್ದಿರಬೇಕು! ಅವತ್ತಿನಿಂದ ನಾನು ಈ ಊರನ್ನು ಹೂವಿನ ಮೂಲಕವೇ ಕಲಿಯಲಿಕ್ಕೆ ಹೊರಟೆ ಅಕ್ಕ. ಆಮೇಲೆ ಇದು ಪರದೇಶ ಅನ್ನಿಸಲಿಲ್ಲ.

ಆ 99ರಲ್ಲಿ ಮೊದಲನೆಯದು ಕಾಂದಳ್. ನಮ್ಮ ಅಗ್ನಿಶಿಖೆ. ಈಗ ತಮಿಳುನಾಡಿನ ರಾಜ್ಯಪುಷ್ಪ ಅದು. ನೀವು ದೀಪಾವಳಿ ಕಳೆದ ಮೇಲೆ ಒಂದು ಸಲ ನನ್ನ ಜತೆ ನನ್ಮಂಗಲದ ಕಡೆ ಬರಬೇಕಿತ್ತು. ಪಳ್ಳಿಕರಣೈ ದಾಟಿದ ಮೇಲೆ ಒಂದಿಷ್ಟು ಕುರುಚಲು ಕಾಡು ಇನ್ನೂ ಉಳಿದಿದೆ. ಮುಳ್ಳು ಪೊದೆಯ ಮೇಲೆ ಅಗ್ನಿಶಿಖೆ ಹಬ್ಬಿಕೊಂಡಿತ್ತು. ಹಬ್ಬುವುದು ಹೇಗೆ ಗೊತ್ತಾ, ಅದಕ್ಕೆ ಬೇರೆ ಕುಡಿಯಿಲ್ಲ, ಎಲೆಯ ತುದಿಯೇ ಸಣ್ಣಗಾಗಿ ಸುರುಳಿ ಸುತ್ತಿ ಪಕ್ಕದ ಕಡ್ಡಿಯನ್ನು ಹಿಡಿದುಕೊಳ್ಳುತ್ತದೆ. ಮೊಗ್ಗು ಹಸಿರು, ತಲೆ ತಗ್ಗಿಸಿರುತ್ತದೆ. ಅರಳುವಾಗ ಎಸಳುಗಳು ಹಿಂದಕ್ಕೆ ಬಾಗಿ ಮೇಲಕ್ಕೆ ನಿಲ್ಲುತ್ತವೆ, ಆರೂ ಎಸಳು, ಅಂಚೆಲ್ಲ ಅಲೆ ಅಲೆ. ಮೊದಲು ಹಳದಿಹಸಿರು, ಆಮೇಲೆ ಬುಡ ಹಳದಿ ತುದಿ ಕೆಂಪು, ಕೊನೆಗೆ ಪೂರಾ ಕೆಂಪು. ಒಂದೇ ಬಳ್ಳಿಯಲ್ಲಿ ಮೂರೂ ಬಣ್ಣ ಒಟ್ಟಿಗೆ ಕಾಣುತ್ತವೆ. ಕೇಸರಗಳು ಸುತ್ತಲೂ ಚಾಚಿಕೊಂಡಿದ್ದರೆ, ನಡುವಿನ ಶಲಾಕೆ ಮಾತ್ರ ಬುಡದಲ್ಲೇ ಥಟ್ಟನೆ ಪಕ್ಕಕ್ಕೆ ಮುರಿದು ನಿಂತಿರುತ್ತದೆ. ಚಿಟ್ಟೆ ಬಂದು ಕೂತಾಗ ರೆಕ್ಕೆಗೆ ಅಂಟಿದ ಪರಾಗ ಅಲ್ಲಿಗೆ ತಾಗಲಿ ಅಂತ. ಬೇರು, ಬೀಜ, ಎಲ್ಲದರಲ್ಲೂ ವಿಷ. ಕಾಲ್ಚಿಸಿನ್ ಎಂಬ ಔಷಧದ್ರವ್ಯ ಅದರಿಂದಲೂ ತೆಗೆಯುತ್ತಾರೆ. ಮಕ್ಕಳ ಕೈಗೆ ಮಾತ್ರ ಕೊಡಬಾರದು.

ನನಗೆ ಅದರಲ್ಲಿ ಎಲ್ಲಕ್ಕಿಂತ ಇಷ್ಟವಾದದ್ದು ಅದರ ಕಾಲ. ನಮ್ಮ ಮಲೆನಾಡಲ್ಲಿ ಅಗ್ನಿಶಿಖೆ ಆಷಾಢ ಶ್ರಾವಣದ ಮಳೆಗೆ ಅರಳುತ್ತದೆ. ಇಲ್ಲಿ ಅದನ್ನು ಕಾರ್ತಿಗೈ ಹೂ ಅಂತಲೇ ಕರೆಯುತ್ತಾರೆ, ಯಾಕೆಂದರೆ ಇಲ್ಲಿ ದೊಡ್ಡ ಮಳೆ ಬರುವುದು ಐಪ್ಪಸಿ, ಕಾರ್ತಿಗೈ ತಿಂಗಳಲ್ಲಿ, ಈಶಾನ್ಯದ ಮಾರುತದಿಂದ. ಗೆಡ್ಡೆ ಅದೇ, ಜಾತಿ ಅದೇ, ಆದರೆ ಆಯಾ ನೆಲದ ಮಳೆಗೆ ಕಾದು ಏಳುತ್ತದೆ. ಜಿಂಬಾಬ್ವೆಯವರಿಗೂ ಅದೇ ರಾಷ್ಟ್ರಪುಷ್ಪ. ಭೂಮಧ್ಯರೇಖೆಯ ಆ ಕಡೆ ಅದಕ್ಕೆ ಇನ್ನೊಂದು ಪಂಚಾಂಗ.

ಈ ಊರಲ್ಲಿ ಕೂತು ಕಾಡಿನ ಗಿಡಗಳ ಬಗ್ಗೆ ಕನ್ನಡದಲ್ಲಿ ಬರೆದವರು ಒಬ್ಬರಿದ್ದರಲ್ಲ ಅಕ್ಕ, ನಿಮ್ಮ ಹಳೇ ಮೈಸೂರಿನವರೇ, ಬಿ.ಜಿ.ಎಲ್. ಸ್ವಾಮಿ. ಡಿ.ವಿ.ಜಿ.ಯವರ ಮಗ. ಮರೀನಾ ಎದುರಿನ ಪ್ರೆಸಿಡೆನ್ಸಿ ಕಾಲೇಜಿನಲ್ಲಿ ಸಸ್ಯಶಾಸ್ತ್ರದ ಪ್ರಾಧ್ಯಾಪಕರಾಗಿ, ಪ್ರಿನ್ಸಿಪಾಲರಾಗಿ ವರ್ಷಗಟ್ಟಲೆ ಇಲ್ಲೇ ಇದ್ದರು. ಮದರಾಸಿನ ಹುಡುಗ ಹುಡುಗಿಯರನ್ನು ಪಶ್ಚಿಮಘಟ್ಟಕ್ಕೆ ಕರೆದುಕೊಂಡು ಹೋಗಿ, ಗಿಡ ತೋರಿಸಿ, ಅವರ ತರಲೆಯನ್ನೂ ಸಹಿಸಿಕೊಂಡದ್ದೇ ‘ಹಸುರು ಹೊನ್ನು’. ಆ ಪುಸ್ತಕಕ್ಕೆ 1978ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಬಂತು. ಅದರೊಳಗಿನ ಗಿಡಗಳ ಚಿತ್ರಗಳನ್ನು ಅವರೇ ಬರೆದದ್ದು. ಅಮೆರಿಕಕ್ಕೂ ಹೋಗಿದ್ದರು, ಹಾರ್ವರ್ಡ್‌ನಲ್ಲಿ ಇರ್ವಿಂಗ್ ಬೇಲಿ ಎಂಬ ದೊಡ್ಡ ವಿಜ್ಞಾನಿಯ ಜತೆ ಕೆಲಸ ಮಾಡಿದರು. ಆಮೇಲೆ ನಮ್ಮ ದಕ್ಷಿಣದ ಬೆಟ್ಟಗಳ ಒಂದು ಗಿಡಕ್ಕೆ ಆ ಗುರುವಿನ ಹೆಸರನ್ನೇ ಇಟ್ಟರು, ಸಾರ್ಕ್ಯಾಂಡ್ರಾ ಇರ್ವಿಂಗ್‌ಬೇಲಿಯೈ ಅಂತ. ಪರದೇಶಕ್ಕೆ ಹೋಗಿ ವಿದ್ಯೆ ಕಲಿತು ಬಂದವರು ಅದನ್ನು ತಮ್ಮ ಕಾಡಿಗೇ ಸಲ್ಲಿಸಿದರು. ‘ನಮ್ಮ ಹೊಟ್ಟೆಯಲ್ಲಿ ದಕ್ಷಿಣ ಅಮೆರಿಕ’ವನ್ನೂ ಓದಿ, ನಮ್ಮ ಆಲೂಗೆಡ್ಡೆ, ಮೆಣಸಿನಕಾಯಿ, ಟೊಮೆಟೊ ಎಲ್ಲ ಎಲ್ಲಿಂದ ಬಂದವು ಅಂತ ತಿಳಿಯುತ್ತದೆ. ಶಿವನ ಗುಡಿಯಲ್ಲಿ ಕಣ್ಣಿಗೊತ್ತಿಕೊಳ್ಳುವ ನಾಗಲಿಂಗ ಪುಷ್ಪದ ಮರವೂ ದಕ್ಷಿಣ ಅಮೆರಿಕದ್ದೇ. ಅದನ್ನು ತಿಳಿದ ಮೇಲೂ ನಾನು ಕಣ್ಣಿಗೊತ್ತಿಕೊಳ್ಳುತ್ತೇನೆ. ಬಂದವರನ್ನು ದೂಡಬೇಕು ಅಂತ ನಾನು ಹೇಳುತ್ತಿಲ್ಲ. ಮನೆಯವರು ಯಾರು, ಬಂದವರು ಯಾರು ಎಂಬುದು ಗೊತ್ತಿರಲಿ ಅಂತ ಅಷ್ಟೆ.

ತೋಟ ನೋಡುವುದಾದರೂ ಹಾಗೇ. ಸೆಮ್ಮೊಳಿ ಪೂಂಗಾಕ್ಕೆ ಭಾವ ಮೊಮ್ಮಗನನ್ನು ಕರೆದುಕೊಂಡು ಹೋಗಿದ್ದರಲ್ಲ, ಕಥೀಡ್ರಲ್ ರಸ್ತೆಯಲ್ಲಿ. 2010ರಲ್ಲಿ ತೆರೆದದ್ದು. ಆ ಜಾಗ ಮೊದಲು ನಮ್ಮವರದೇ ಅನ್ನುವ ಹಾಗಿತ್ತು. ಕಡಂದಲೆ ಕೃಷ್ಣರಾಯರ ವುಡ್‌ಲ್ಯಾಂಡ್ಸ್ ಡ್ರೈವ್‌ಇನ್ 1962ರಿಂದ 2008ರವರೆಗೆ ಅಲ್ಲೇ ನಡೆಯಿತು. ಮರಗಳ ನೆರಳಲ್ಲಿ ಕಾರು ನಿಲ್ಲಿಸಿ, ಕಾರಿನೊಳಗೇ ಕೂತು ದೋಸೆ ತಿನ್ನುವುದು. ನಮ್ಮೂರ ಕಡೆಯ ಮಾತು ಕಿವಿಗೆ ಬೀಳಲಿ ಅಂತಲೇ ನಾವು ಅಲ್ಲಿಗೆ ಹೋಗುತ್ತಿದ್ದೆವು. ಪೂಂಗಾ ಮಾಡಿದಾಗ ಹಳೆಯ ದೊಡ್ಡ ಮರಗಳನ್ನು ಉಳಿಸಿಕೊಂಡರು, ಒಳ್ಳೆಯದಾಯಿತು. ಪುಷ್ಪಪ್ರದರ್ಶನದ ಕುಂಡಗಳಿಗಿಂತ ಆ ಮರಗಳ ಬುಡದಲ್ಲಿ ನಿಲ್ಲುವುದು ನನಗೆ ಇಷ್ಟ.

ಆದರೆ ನನ್ನ ಕೇಳಿದರೆ ಊರಿಗೆ ಬಂದವರಿಗೆ ಮೊದಲು ತೋರಿಸಬೇಕಾದ್ದು ಅಡ್ಯಾರಿನ ತೊಲ್ಕಾಪ್ಪಿಯ ಪೂಂಗಾ. ಅಡ್ಯಾರ್ ನದಿಯ ಅಳಿವೆಗೆ ಸೇರಿದ ಕ್ರೀಕ್ ಅದು. ಕಸ, ಕಟ್ಟಡದ ಅವಶೇಷ, ಕೊಳಚೆ ತುಂಬಿ ಮೂಗು ಮುಚ್ಚಿಕೊಂಡು ಹೋಗುವ ಜಾಗವಾಗಿತ್ತು. ಅದನ್ನು ಬಳಿದು, ನೀರು ಬರುವ ದಾರಿ ಬಿಡಿಸಿ, ಕೋರಮಂಡಲ ಕರಾವಳಿಯ ಒಣ ನಿತ್ಯಹರಿದ್ವರ್ಣ ಕಾಡಿನ ಗಿಡಗಳನ್ನೇ ಹುಡುಕಿ ನೆಟ್ಟರು. ಆರೋವಿಲ್ಲಿನ ಪಿಚ್ಚಾಂಡಿಕುಳಂ ಕಾಡಿನವರ ಕೈ ಅದರಲ್ಲಿದೆ. ದೇವರ ಬನಗಳಲ್ಲಿ ಅಲ್ಲಿ ಇಲ್ಲಿ ಉಳಿದ ಜಾತಿಗಳ ಬೀಜ ಕೂಡಿಸಿ ಸಸಿ ಮಾಡುವುದೇ ಅವರ ಕೆಲಸ. 58 ಎಕರೆ, 2011ರ ಜನವರಿಯಲ್ಲಿ ತೆರೆಯಿತು. ಹುಲ್ಲುಹಾಸು ಇಲ್ಲ, ಬಣ್ಣದ ಪಾತಿ ಇಲ್ಲ. ಮೊದಲ ಸಲ ಹೋದವರು ಇಲ್ಲಿ ತೋಟ ಎಲ್ಲಿದೆ ಅಂತ ಕೇಳುತ್ತಾರೆ. ಸ್ವಲ್ಪ ನಿಂತರೆ ಕಾಣುತ್ತದೆ. ಕವಳೆ ಗಿಡದ ಬಿಳಿ ಹೂ, ಮೂಗಿನ ಹತ್ತಿರ ತಂದರೆ ಮಲ್ಲಿಗೆಯ ಪರಿಮಳ. ನೀರಿನಂಚಿನಲ್ಲಿ ಹೂವರಸಿ, ಬೆಳಿಗ್ಗೆ ತಿಳಿಹಳದಿ ಬಣ್ಣದಲ್ಲಿ ಅರಳಿದ ಹೂ ಸಂಜೆಯ ಹೊತ್ತಿಗೆ ಕೆಂಪಾಗಿ ಬೀಳುತ್ತದೆ, ಹಾಗಾಗಿ ಮರದ ಮೇಲೆ ಇವತ್ತಿನದು ಹಳದಿ, ನೆಲದ ಮೇಲೆ ನಿನ್ನೆಯದು ಕೆಂಪು.

ಹೂವರಸಿ ಅಂದಾಗ ವರ್ದಾ ಚಂಡಮಾರುತ ನೆನಪಾಗುತ್ತದೆ. 2016ರ ಡಿಸೆಂಬರ್ 12. ನೀವು ಆಗ ಮೈಸೂರಿನಲ್ಲಿದ್ದಿರಿ. ನಮ್ಮ ಬೀದಿಯಲ್ಲಿ ಗುಲ್‌ಮೊಹರ್‌ಗಳು ಬುಡಸಮೇತ ಮಲಗಿದವು, ಒಂದು ಕಾರಿನ ಮೇಲೂ ಬಿತ್ತು. ತಿರುವಿನಲ್ಲಿರುವ ಆ ಗಂಟುಗಂಟಾದ ಹೂವರಸಿ ಕೊಂಬೆ ಕಳೆದುಕೊಂಡು ನಿಂತೇ ಇತ್ತು. ಕಡಲಗಾಳಿಯಲ್ಲೇ ಹುಟ್ಟಿ ಬೆಳೆದ ಜಾತಿ, ಅದಕ್ಕೆ ಬಗ್ಗುವುದು ಗೊತ್ತು. ಗುಲ್‌ಮೊಹರ್ ಮಡಗಾಸ್ಕರ್‌ದು, ಬೇರು ಮೇಲೆ ಮೇಲೆ ಹರಡುತ್ತದೆ. ಆಮೇಲೆ ಕಾರ್ಪೊರೇಷನ್‌ನವರ ಹತ್ತಿರ ಹೊಂಗೆ, ಬೇವು, ಹೂವರಸಿ ಕೊಡಿ ಅಂತ ನಾವು ಕೆಲವರು ಕೇಳಿ ಹಾಕಿಸಿದ್ದು, ಆ ಮೂಲೆಯ ಹೊಂಗೆ ಅದೇ.

ನಿಮಗೆ ಬನ್ನಿಯ ಸಂಗತಿ ಹೇಳಿದ್ದೆನಾ? ಇಲ್ಲಿಯ ಮರುಂದೀಶ್ವರರ ಗುಡಿಯ ಸ್ಥಳವೃಕ್ಷವೇ ವನ್ನಿ, ನಿಮ್ಮ ದಸರೆಯ ಬನ್ನಿ. ಅದರ ಕೆಳಗೇ ಶಿವ ಅಗಸ್ತ್ಯರಿಗೆ ಮೂಲಿಕೆಗಳ ವಿದ್ಯೆ ಹೇಳಿಕೊಟ್ಟ ಅಂತ ಸ್ಥಳಪುರಾಣ. ಮೈಲಾಪುರದ ಕಪಾಲೀಶ್ವರನಿಗೆ ಪುನ್ನೈ, ನಮ್ಮ ಸುರಹೊನ್ನೆ. ತಿರುವೊಟ್ಟಿಯೂರಿನಲ್ಲಿ ಮಗಿಳಂ, ನಮ್ಮ ಬಕುಳ. ಊರಿನ ಮೂಲದ ಮರ ಯಾವುದು ಅಂತ ಗೊತ್ತಾಗಬೇಕಿದ್ದರೆ ಹಳೆಯ ಗುಡಿಯ ಪ್ರಾಕಾರಕ್ಕೆ ಹೋದರೆ ಸಾಕು. ಅಮೆರಿಕದಲ್ಲಿ ಅಂಥ ಗುಡಿ ಇಲ್ಲ, ಆದರೆ ಆ ಕೆಲಸ ಮಾಡುವ ತೋಟಗಳಿವೆ.

ಅದನ್ನೇ ಹೇಳಬೇಕು ಅಂತ ನಿಮ್ಮನ್ನು ಕರೆದದ್ದು. ಬರ್ಕ್‌ಲಿ ಊರಿನ ಮೇಲಿನ ಗುಡ್ಡದಲ್ಲಿ ಟಿಲ್ಡನ್ ಪಾರ್ಕ್ ಅಂತಿದೆ, ಅದರೊಳಗೊಂದು ಸಸ್ಯೋದ್ಯಾನ. 1940ರಲ್ಲಿ ಶುರು ಮಾಡಿದ್ದು, 10 ಎಕರೆ, ಕ್ಯಾಲಿಫೋರ್ನಿಯಾದ ಗಿಡ ಬಿಟ್ಟು ಬೇರೆ ಒಂದೂ ಇಡುವುದಿಲ್ಲ. ಮರುಭೂಮಿಯದು ಒಂದು ಕಡೆ, ಕಡಲ ದಂಡೆಯದು ಒಂದು ಕಡೆ, ಎತ್ತರದ ಬೆಟ್ಟದ್ದು ಒಂದು ಕಡೆ. ಟಿಕೆಟ್ ಇಲ್ಲ. ಮಗಳಿರುವ ಫ್ರೀಮಾಂಟ್‌ನಿಂದ ಅಳಿಯಂದಿರ ಕಾರಿನಲ್ಲಿ ಸುಮಾರು ಒಂದು ಗಂಟೆಯ ಹಾದಿ. ಹೆರಿಗೆಗೆ ಮುಂಚೆ ಮಗಳೂ ಬರಬಹುದು, ಕೂರಲಿಕ್ಕೆ ಬೆಂಚುಗಳಿರುತ್ತವೆ. ಕಾಲು ನೋವಿಲ್ಲದ ದಿನ ಭಾವನನ್ನು ಕರೆದುಕೊಂಡು ರೆಡ್‌ವುಡ್ ಸಿಟಿ ಹತ್ತಿರದ ಎಡ್ಜ್‌ವುಡ್‌ಗೂ ಹೋಗಿ. ಅಲ್ಲಿ ಒಂದು ತರಹದ ಹಸಿರುಬಣ್ಣದ ಕಲ್ಲಿನ ನೆಲ, ಸರ್ಪೆಂಟೈನ್ ಅನ್ನುತ್ತಾರೆ. ಸಾರವಿಲ್ಲದ ಮಣ್ಣು. ಯುರೋಪಿನಿಂದ ಬಂದ ಹುಲ್ಲು ಬೇರೆ ಕಡೆಯೆಲ್ಲ ಮೂಲದ ಹೂಗಳನ್ನು ಮುಚ್ಚಿಹಾಕಿದೆ, ಆದರೆ ಆ ಬಡ ಮಣ್ಣಿನಲ್ಲಿ ಅದರ ಆಟ ಅಷ್ಟಾಗಿ ನಡೆಯಲಿಲ್ಲ. ಹಾಗಾಗಿ ಹಳೆಯ ಹೂಗಳೆಲ್ಲ ಅಲ್ಲಿ ಉಳಿದುಕೊಂಡಿವೆ. ಅದನ್ನು ಗಾಲ್ಫ್ ಮೈದಾನ ಮಾಡಹೊರಟಿದ್ದರು, ಹೂವಿನ ಮೇಲೆ ಪ್ರೀತಿಯಿದ್ದ ಊರವರು ವರ್ಷಗಟ್ಟಲೆ ಹೋರಾಡಿ ಉಳಿಸಿಕೊಂಡರು. 1993ರಲ್ಲಿ ರಕ್ಷಿತ ಜಾಗವಾಯಿತು. ವಸಂತದಲ್ಲಿ ಶನಿವಾರ ಭಾನುವಾರ ಸ್ವಯಂಸೇವಕರೇ ಜತೆಗೆ ನಡೆದು ಹೂ ತೋರಿಸುತ್ತಾರೆ, ದುಡ್ಡು ಕೇಳುವುದಿಲ್ಲ. ಇಂಗ್ಲಿಷ್ ಬರುವುದಿಲ್ಲ ಅಂತ ಹಿಂಜರಿಯಬೇಡಿ. ಬೆರಳು ತೋರಿಸಿದರೆ ಸಾಕು, ಹೂ ಪ್ರೀತಿಸುವವರು ಯಾವ ಭಾಷೆಯವರಿಗೂ ಹೇಳಿಯೇ ಹೇಳುತ್ತಾರೆ.

ಅಲ್ಲಿಯ ಕಿತ್ತಳೆ ಬಣ್ಣದ ಪಾಪಿ ಹೂವನ್ನು ಮಾತ್ರ ಹತ್ತಿರದಿಂದ ನೋಡಿ. ನಮ್ಮ ಗಸಗಸೆಯ ಬಳಗದ್ದು. 1903ರಿಂದ ಕ್ಯಾಲಿಫೋರ್ನಿಯಾದ ರಾಜ್ಯಪುಷ್ಪ. ನಾಲ್ಕೇ ಎಸಳು, ಬಿಸಿಲು ಬಂದಾಗ ಬಿಚ್ಚುತ್ತದೆ, ಮೋಡ ಕವಿದರೆ, ಸಂಜೆಯಾದರೆ ಮುಚ್ಚಿಕೊಳ್ಳುತ್ತದೆ. ಅದಕ್ಕೇ ಬೆಳಗಿನ ಜಾವ ಹೋಗಿ ಹೂವೇ ಇಲ್ಲ ಅಂತ ತಿರುಗಿ ಬರಬೇಡಿ, ಹನ್ನೊಂದರ ಮೇಲೆ ಹೋಗಿ. ಮೊಗ್ಗಿನ ಮೇಲೆ ಕೂಸಿನ ಕುಲಾವಿಯಂಥ ಒಂದು ಚೂಪು ಟೋಪಿ ಇರುತ್ತದೆ. ಎಸಳು ಒಳಗಿಂದ ಉಬ್ಬಿದಾಗ ಅದು ಕಳಚಿ ಬೀಳುತ್ತದೆ. ಅರ್ಧ ಕಳಚಿದ ಮೊಗ್ಗು ಸಿಕ್ಕರೆ ಅಲ್ಲೇ ಕಾದು ನಿಲ್ಲಿ, ಬಿಸಿಲಿದ್ದರೆ ನೋಡುತ್ತಿರುವಾಗಲೇ ಬೀಳಬಹುದು.

ಕೊಯ್ಯಬೇಡಿ ಅಕ್ಕ. ದೇವರಿಗೆ ಅಂತಲೂ ಬೇಡ. ಅಲ್ಲಿಯ ಪಾರ್ಕುಗಳಲ್ಲಿ ಹೂ ಕೀಳುವುದಕ್ಕೆ ಬಿಡುವುದಿಲ್ಲ, ಕಾಲುದಾರಿ ಬಿಟ್ಟು ಇಳಿಯುವುದಕ್ಕೂ ಇಲ್ಲ. ಲಾಸ್ ಏಂಜಲೀಸ್ ಕಡೆ ಲೇಕ್ ಎಲ್ಸಿನೋರ್ ಎಂಬ ಸಣ್ಣ ಊರಿದೆ. 2019ರ ಮಾರ್ಚ್‌ನಲ್ಲಿ ಅಲ್ಲಿಯ ಕಣಿವೆಯ ತುಂಬ ಪಾಪಿ ಅರಳಿ, ಫೋಟೋ ತೆಗೆಯಲಿಕ್ಕೆ ಜನ ಸಾವಿರ ಸಾವಿರ ಬಂದು, ಹೂವಿನ ಮೇಲೇ ಕೂತು ಮಲಗಿ, ರಸ್ತೆಯೆಲ್ಲ ಕಟ್ಟಿಹೋಯಿತು. 2023ರಲ್ಲಿ ಮತ್ತೆ ಅರಳಿದಾಗ ಊರಿನವರು ಕಣಿವೆಯನ್ನೇ ಮುಚ್ಚಿಬಿಟ್ಟರು. ನಮ್ಮಲ್ಲೂ ಅದೇ ಆಗುತ್ತಿದೆ. 2022ರಲ್ಲಿ ಚಂದ್ರದ್ರೋಣ ಪರ್ವತದಲ್ಲಿ ನೀಲಕುರಿಂಜಿ ಅರಳಿದಾಗ ಹೋದವರು ಗಿಡದ ನಡುವೆ ನುಗ್ಗಿದ್ದನ್ನು, ಕೊಯ್ದು ತಂದದ್ದನ್ನು ನೆನೆದರೆ ಈಗಲೂ ಸಂಕಟವಾಗುತ್ತದೆ. ಹನ್ನೆರಡು ವರ್ಷ ಕಾದು ಒಂದೇ ಸಲ ಹೂ ಬಿಟ್ಟು, ಬೀಜ ಉದುರಿಸಿ ಸಾಯುವ ಗಿಡ ಅದು. ಆ ಹೂವನ್ನು ಕಿತ್ತರೆ ಮುಂದಿನ ಹನ್ನೆರಡು ವರ್ಷದ ಬೀಜವನ್ನೇ ಕಿತ್ತ ಹಾಗಾಯಿತು.

ಬರುವಾಗ ಬೀಜವನ್ನೂ ತರಬೇಡಿ. ನನಗೆ ಇಷ್ಟ ಅಂತ ಗೊತ್ತಿರುವುದರಿಂದ ಮುಂಚೆಯೇ ಹೇಳಿಬಿಡುತ್ತೇನೆ. ವಿಮಾನನಿಲ್ದಾಣದಲ್ಲಿ ತೊಂದರೆ ಅಂತ ಮಾತ್ರವಲ್ಲ. ಲಂಟಾನ ಬಂದದ್ದು ತೋಟದ ಅಂದಕ್ಕೆ ಅಂತಲೇ, 1809ರ ಸುಮಾರಿಗೆ ಕಲಕತ್ತೆಯ ಸಸ್ಯೋದ್ಯಾನಕ್ಕೆ. ಈಗ ಬಂಡೀಪುರದಲ್ಲಿ, ಬಿಳಿಗಿರಿರಂಗನ ಬೆಟ್ಟದಲ್ಲಿ ಹುಲ್ಲು ಎದ್ದೇಳದ ಹಾಗೆ ಕಾಡನ್ನು ಮುಚ್ಚಿದೆ. ಹಳದಿ ಹೂವಿನ ಸೆನ್ನಾ ಸ್ಪೆಕ್ಟಾಬಿಲಿಸ್ ಕೂಡ ಅಂದಕ್ಕೇ ಬಂದದ್ದು, ಮುದುಮಲೆಯಲ್ಲಿ ಅದನ್ನು ಸರ್ಕಾರವೇ ಕೀಳಿಸಬೇಕಾಗಿ ಬಂತು. ಪಳ್ಳಿಕರಣೈ ದಾರಿಯ ಕೆರೆಗಳಲ್ಲಿ ನೇರಳೆ ಹೂ ನೋಡಿ ಎಷ್ಟು ಚಂದ ಅಂದಿರಲ್ಲ, ಇಲ್ಲಿಯವರು ಆಕಾಶತಾವರೆ ಅನ್ನುವುದು, ಅದೂ ದಕ್ಷಿಣ ಅಮೆರಿಕದಿಂದ ಬಂದು ನೀರಿನ ಉಸಿರು ಕಟ್ಟಿಸಿದ್ದು.

ಸಿಂಗಪುರದ ಮೇಲೆ ಹೋಗುವುದು ಅಂದಿರಿ. ನಡುವೆ ಅರ್ಧ ದಿನ ಸಿಕ್ಕಿ, ಹೊರಗೆ ಹೋಗಲು ಅವಕಾಶವೂ ಇದ್ದರೆ, ಆ ಗಾಜಿನ ಗುಮ್ಮಟದ ತೋಟಕ್ಕೆ ಓಡಬೇಡಿ. ಹಳೆಯ ಬೊಟಾನಿಕ್ ಗಾರ್ಡನ್‌ಗೆ ಮೆಟ್ರೋದಲ್ಲೇ ಹೋಗಬಹುದು. 1859ರ ತೋಟ, 2015ರಲ್ಲಿ ಯುನೆಸ್ಕೋ ಪಟ್ಟಿಗೆ ಸೇರಿತು. ಅದರ ನಡುವೆ ಸುಮಾರು 6 ಹೆಕ್ಟೇರ್ ಮಳೆಕಾಡು ಇದೆ, ತೋಟಕ್ಕಿಂತ ಮುಂಚಿನದು. ಸಿಂಗಪುರ ಹುಟ್ಟುವ ಮೊದಲು ಆ ದ್ವೀಪ ಹೇಗಿತ್ತು ಅಂತ ಅಲ್ಲಿ ಒಂದು ಸುತ್ತು ನಡೆದರೆ ತಿಳಿಯುತ್ತದೆ. ಆಗುಂಬೆಯ ನೆನಪಾಗುತ್ತದೆ ನಿಮಗೆ.

ಇನ್ನೊಂದು ಮಾತು, ಇದು ನಿಮ್ಮ ತಮ್ಮನ ಮಗನಿಗೆ. ಅವನು ಎಡಿನ್‌ಬರೋದಲ್ಲಿ ಓದುತ್ತಿದ್ದಾನಲ್ಲ. ಅಲ್ಲಿಯ ರಾಯಲ್ ಬೊಟಾನಿಕ್ ಗಾರ್ಡನ್‌ನಲ್ಲಿ ನಮ್ಮ ಹೂಗಳ ಚಿತ್ರಗಳಿವೆ ಅಂತ ಹೇಳಿ. ರಾಬರ್ಟ್ ವೈಟ್ ಎಂಬ ಕಂಪನಿ ಸರ್ಕಾರದ ಡಾಕ್ಟರು ಮದರಾಸ್ ಸೀಮೆಯ ಗಿಡಗಳನ್ನೆಲ್ಲ ಕಲೆಹಾಕಿ, 1838ರಿಂದ 1853ರವರೆಗೆ ಇಲ್ಲೇ ಮದರಾಸಿನಲ್ಲಿ ಸಂಪುಟಗಳನ್ನು ಅಚ್ಚು ಹಾಕಿಸಿದರು, ಎರಡು ಸಾವಿರಕ್ಕೂ ಹೆಚ್ಚು ಚಿತ್ರಗಳು. ಅವರಿಗೆ ಚಿತ್ರ ಬರೆದುಕೊಟ್ಟವರು ರಂಗಯ್ಯ, ಆಮೇಲೆ ಗೋವಿಂದು ಎಂಬ ನಮ್ಮ ದಕ್ಷಿಣದ ಕಲಾವಿದರು. ಒಂದು ಆರ್ಕಿಡ್‌ಗೆ ವೈಟ್ ಗೋವಿಂದುವಿನ ಹೆಸರನ್ನೇ ಇಟ್ಟರು. ಮೂಲ ಚಿತ್ರಗಳಲ್ಲಿ ಬಹಳಷ್ಟು ಎಡಿನ್‌ಬರೋದಲ್ಲಿವೆ. ಹುಡುಗ ಒಮ್ಮೆ ಹೋಗಿ ವಿಚಾರಿಸಲಿ, ಅವನಿಗೂ ಮನೆಯ ನೆನಪು ಕಾಡುತ್ತಿರುತ್ತದೆ.

ಅಗೋ, ಹಾಲು ಉಕ್ಕಿದ ವಾಸನೆ ಬರುತ್ತಿದೆ, ನಿಮ್ಮದೋ ನನ್ನದೋ. ಎರಡೇ ನಿಮಿಷ. ನೀವು ಕೇಳಿದಿರಲ್ಲ, ಗುರುತು ಹಿಡಿಯುವುದು ಹೇಗೆ ಅಂತ. ಈ ಗೋಡೆಯಾಚೆಯ ಖಾಲಿ ಸೈಟಿನಲ್ಲೇ ಅಭ್ಯಾಸ ಮಾಡಿಕೊಳ್ಳಿ. ಮಳೆ ಮುಗಿದು ಈಗ ಎಷ್ಟೊಂದಿದೆ ಅಲ್ಲಿ. ತುಂಬೆ ಇದೆ, ಶಿವರಾತ್ರಿಗೆ ಬೇಕಾಗುತ್ತದೆ, ಅದನ್ನು ಬೇಕಾದರೆ ಕೊಯ್ದುಕೊಳ್ಳಿ, ಧಾರಾಳವಾಗಿದೆ. ನೆಲಕ್ಕೆ ಅಂಟಿದ ಹಾಗೆ ವಿಷ್ಣುಕ್ರಾಂತಿ ಇದೆ, ಉಗುರಿನಗಲದ ನೀಲಿ ಹೂ, ಮಧ್ಯಾಹ್ನ ಹೋದರೆ ಕಾಣುವುದಿಲ್ಲ, ಎಂಟು ಗಂಟೆಗೆ ನೋಡಿ. ಫೋಟೋ ತೆಗೆಯುವಾಗ ಹೂ ಒಂದನ್ನೇ ತೆಗೆಯಬೇಡಿ. ಹೂ ಹತ್ತಿರದಿಂದ ಒಂದು, ಎಲೆ ಕಾಂಡಕ್ಕೆ ಸೇರುವ ಜಾಗ ಕಾಣುವ ಹಾಗೆ ಒಂದು, ಇಡೀ ಗಿಡ ಮತ್ತು ಅದು ನಿಂತ ನೆಲ ಕಾಣುವ ಹಾಗೆ ಒಂದು. ಅಳತೆಗೆ ಪಕ್ಕದಲ್ಲಿ ನಿಮ್ಮ ಬೆರಳಿಟ್ಟುಕೊಳ್ಳಿ. ಕ್ಯಾಲಿಫೋರ್ನಿಯಾದಿಂದ ಹಾಗೆ ಕಳಿಸಿದರೆ ಟೀಚರ್ ಮತ್ತು ನಾನು ಕೂತು ಹೆಸರು ಹುಡುಕುತ್ತೇವೆ. ನಿಮ್ಮ ಮಗಳ ಮನೆಯ ಹತ್ತಿರದ ಗುಡ್ಡದಲ್ಲಿ ನೀಲಿ ಲುಪಿನ್ ಬರುತ್ತದಾ ಅಂತ ನೋಡಿ ಹೇಳಿ, ಪಾಪಿಯ ಜತೆಯಲ್ಲೇ ಇರುತ್ತದಂತೆ. ಮಳೆ ಚೆನ್ನಾಗಿ ಆದ ವರ್ಷ ಮಾತ್ರ ಜೋರಾಗಿ ಬರುವುದು, ಈ ವರ್ಷ ಅಲ್ಲಿ ಮಳೆ ಹೇಗಿದೆ ಅಂತ ಇವತ್ತು ರಾತ್ರಿ ಫೋನ್ ಬಂದಾಗ ಮಗಳನ್ನು ಕೇಳಿಬಿಡಿ.